ಕೊನೆಯ ತೊಟ್ಟು ಆಯಿಲ್

ಮಣ್ಣೊಳಗಿನ ಜೀವಿಗಳೆಲ್ಲ ಕಷ್ಟಸುಖ ಹೇಳಿಕೊಳ್ಳುವುದು ನನ್ನ ಹತ್ತಿರವೇ. ಸುಳ್ಳು ಬಿಡಿ, ನಮ್ಮನೆ ಬೆಕ್ಕೂ ನನ್ನ ಜೊತೆ ಮಾತಾಡುವುದಿಲ್ಲ.

ಮುಚ್ಚಿದ ಗ್ಯಾರೇಜಿನ ಹಿಂದೆ, ಸುಟ್ಟ ಆಯಿಲ್ ಕುಡಿದು ಕಪ್ಪಾದ ಮಣ್ಣಿನಲ್ಲಿ ಒಂದು ಸೂಕ್ಷ್ಮಾಣು ಒಂಟಿಯಾಗಿತ್ತು. ಆಯಿಲೇ ಅದರ ಊಟ.

ಬೇಲಿಯಾಚೆಯ ಎರೆಹುಳು ಕೂಗಿತು: “ಅಣ್ಣಾ, ನಿನ್ನ ಪಕ್ಕ ಬಂದು ಇರಬೇಕೆಂದು ಆಸೆ. ಆದರೆ ಆಯಿಲ್ ತಾಗಿದರೆ ಮೈ ಸುಡುತ್ತದೆ.”

“ತಿಂದು ಮುಗಿಸುತ್ತೇನೆ, ಬಾರಯ್ಯ!”

ತಿನ್ನುತ್ತಾ ತಿನ್ನುತ್ತಾ ಒಂದೇ ತೊಟ್ಟು ಉಳಿಯಿತು.

“ಅದನ್ನೂ ಮುಗಿಸಣ್ಣ.”

“ಮುಗಿಸಿದರೆ ನಾಳೆಗೆ ಊಟವಿಲ್ಲ.”

“ನಾನಿರುತ್ತೇನಲ್ಲ!”

ಸೂಕ್ಷ್ಮಾಣು ತಿಂದೇಬಿಟ್ಟಿತು. ಹುಳು ಮಣ್ಣು ಕೊರೆದು ಬರುವಷ್ಟರಲ್ಲಿ ಅದು ಹಸಿದು ಸತ್ತಿತ್ತು. “ಅಣ್ಣಾ, ಬಂದೆ!” ಎಂದು ಹುಳು ಆ ಶುದ್ಧ ಮಣ್ಣಿನಲ್ಲಿ ಇನ್ನೂ ಕರೆಯುತ್ತಲೇ ಇದೆ.

ಅದಕ್ಕೇ ನಾನು ಲೋಟದಲ್ಲಿ ಒಂದು ಗುಟುಕು ಉಳಿಸಿಕೊಂಡೇ ಕೂತಿದ್ದೇನೆ. ಮುಗಿದರೆ ನೀವು ಎದ್ದುಬಿಡುತ್ತೀರಿ. ಈ ಟೀ ದುಡ್ಡು ನೀವೇ ಕೊಡಿ ಸ್ವಾಮಿ, ಆದರೆ ಈಗಲೇ ಬೇಡ.