ಕಸ್ತೂರಿ ಗಂಟಿನ ನಾಲ್ಕನೇ ಕೈ

"ಕೇಳ್ರಪ್ಪೋ ಕೇಳ್ರಿ! ದೊರೆ ಕೂಸು ಖೋಟಾ ಕಸ್ತೂರಿ ನೆಕ್ಕಿ ಸತ್ತೈತೆ. ಮದ್ದಿಗೆ ಅಂತ ಅದನ್ನ ಕೊಂಡು ತಂದ ಸೂಲಗಿತ್ತಿ ಹೊಂಬಾಳವ್ವನ ತಲೆ ಹೊತ್ತು ಮುಳುಗೋದ್ರೊಳಗೆ ಉರುಳ್ತದೆ. ದೊರೆಯ ಮೂರು ಒಗಟು ಬಿಡಿಸಿದೋನು ಹೇಳಿದ್ದೇ ತೀರ್ಪು, ಅವನಿಗೆ ಏಳೂರು ಇನಾಮು. ತಪ್ಪಿದೋನ ತಲೆ ಅವಳಿಗಿಂತ ಮೊದ್ಲು!"

ಡಂಗುರ ಕೇಳಿ ಅವಳ ಮಗ ಬೊಮ್ಮ, ಬುಟ್ಟಿ ಹೆಣೆಯೋನು, ಬಿದಿರು ಬಿಸಾಕಿ ಅರಮನೆಗೆ ಓಡ್ದ. ಅಂಗಳದಾಗೆ ಅವ್ವನ್ನ ಕಂಬಕ್ಕೆ ಬಿಗಿದಿದ್ರು.

ದೊರೆ ಕಣ್ಣು ಕೆಂಡ. "ಹುಟ್ಟೋಕೆ ಮುಂಚೇನೇ ಇನ್ನೊಬ್ರ ಹೆಸರಿಟ್ಕೊಂಡು ಬರೋದು ಯಾವ್ದು?"

ಆಸ್ಥಾನದ ಪಂಡಿತ ಮೀಸೆ ತಿರುವ್ದ. "ಇಷ್ಟೇನಾ? ಮೊಮ್ಮಗ! ತಾತನ ಹೆಸರು."

ಕತ್ತಿ ಬೀಸ್ತು. ಪಂಡಿತನ ಪೇಟ ಬೊಮ್ಮನ ಕಾಲ ಹತ್ರ ಬಂದು ಬಿತ್ತು.

ಆಮೇಲೆ ಬಂದೋನು ಅಂಗಡಿ ಕುಪ್ಪಣ್ಣ. ಆ ಕಸ್ತೂರಿ ಮಾರಿದೋನೇ ಅವ್ನು. ತೀರ್ಪು ತನ್ನ ಕೈಗೆ ಬಂದ್ರೆ ತಾನು ಪಾರಲ್ವಾ! "ಖೋಟಾ ಸರಕು, ಬುದ್ಧಿ. ಮಾಡೋಕೆ ಮೊದ್ಲೇ ಅಸಲಿ ಹೆಸರು ಕದ್ದಿರ್ತದೆ" ಅಂದ. ಅವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರ್ತದೆ?

"ಸರಿ. ನಾರ್ತಾ ಹೊಟ್ಟೆಯೊಳಗೆ ಹೊಕ್ತದೆ. ನಾರದೆ ಹೊರಗೆ ಬಂದ್ರೆ ದಿಟ, ನಾರ್ತಾನೇ ಬಂದ್ರೆ ಸುಳ್ಳು. ಯಾವ ಸಾಕ್ಷಿ ಅದು?"

"ಮೀ... ಮೀನು!"

ಮತ್ತೆ ಕತ್ತಿ ಬೀಸ್ತು, ಕುಪ್ಪಣ್ಣನ ತಲೆ ಹೋಯ್ತು.

"ಇನ್ಯಾರು?"

"ನಾನು, ಬುದ್ಧಿ" ಅಂತ ಬೊಮ್ಮ ಮುಂದಕ್ಕೆ ಬಂದ.

"ಬ್ಯಾಡ ಕಣೋ ಮಗಾ!" ಅಂತ ಅವ್ವ ಕೂಗಿಕೊಂಡ್ಲು. ಕತ್ತಿಯೋನು ನಕ್ಕ. "ತಲೆ ಹಾಕ್ಕೊಂಡು ಹೋಗೋಕೆ ಬುಟ್ಟಿ ತಂದಿದ್ದೀಯೇನ್ಲಾ?"

"ಮೊದಲ್ನೇದು ಖೋಟಾ ಸರಕೇ, ಬುದ್ಧಿ. ಎರಡನೇದು ಬೆಳ್ಳುಳ್ಳಿ ತಿಕ್ಕಿದ ದಾರ. ಸೂಜಿಗೆ ಪೋಣಿಸಿ ಕಸ್ತೂರಿ ಗಂಟಿನೊಳಗೆ ಎಳೀತಾರೆ. ಅಸಲಿ ಆದ್ರೆ ಬೆಳ್ಳುಳ್ಳಿ ನಾತ ಸಾಯ್ತದೆ. ಮಾರಿದ ಕುಪ್ಪಣ್ಣನಿಗೇ ಅದು ಗೊತ್ತಿರಲಿಲ್ಲ, ನೋಡಿ."

"ಹಂಗಾದ್ರೆ ಕೊನೇದು ಹೇಳು. ಒಂದು ಗಂಟು ಮೂರು ಕೈ ದಾಟ್ತು: ಮಾಡಿದ ಕೈ, ಮಾರಿದ ಕೈ, ಕೊಂಡ ಕೈ. ನನ್ನ ಕೂಸಿನ ಕತ್ತು ಹಿಸುಕಿದ್ದು ಎಷ್ಟನೇದು?"

ಸೂರ್ಯ ಕೋಟೆ ಗೋಡೆಗೆ ತಾಗ್ತಿದ್ದ. ಬೊಮ್ಮ ಅವ್ವನ ಕಡೆ ಒಮ್ಮೆ ನೋಡ್ದ.

"ನಾಲ್ಕನೇದು, ಬುದ್ಧಿ. ಮಾಡಿದೋನು, ಮಾರಿದೋನು ಕಳ್ರು, ದಿಟ. ಅಗ್ಗಕ್ಕೆ ಸಿಕ್ತು ಅಂತ ತಂದದ್ದು ನಮ್ಮವ್ವನ ತಪ್ಪೇ. ಆದ್ರೆ ಪೇಟೆಗೆ ಬರೋ ಗಂಟಿಗೆಲ್ಲ ಬೀಳೋ ಅರಮನೆ ಮುದ್ರೆ ಅದರ ಮೇಲೂ ಇತ್ತು. ಮುದ್ರೆ ಇದ್ದದ್ದಕ್ಕೆ ಸೂಜಿ ಚುಚ್ಚಿದ್ರೆ ಬೆರಳು ಕತ್ತರಿಸ್ತಾರೆ. ಅವ್ವ ದಾರ ಎಳೆಯೋದು ಹೆಂಗೆ? ದಾರ ಎಳೀದೆ ಮುದ್ರೆ ಒತ್ತಿದ ಕೈ ಐತಲ್ಲ..."

"ಯಾರ್ದು ಅದು?"

"ನಿಮ್ದು."

ಕತ್ತಿಯೋನು ದೊರೆ ಮುಖಾನೇ ನೋಡ್ತಿದ್ದ. ದೊರೆ ತನ್ನ ಬೆರಳಿನ ಮುದ್ರೆ ಉಂಗುರಾನೇ ಬಾಳ ಹೊತ್ತು ನೋಡ್ದ. ಆಮೇಲೆ ಕಿತ್ತು ಬೊಮ್ಮನ ಅಂಗೈಗೆ ಹಾಕ್ದ.

"ಆ ತಾಯಿ ಕಟ್ಟು ಬಿಚ್ರೋ."

ಮಾಡಿದೋನ್ನ ಹುಡುಕೋಕೆ ಸವಾರರು ಹೊರಟ್ರು. ಏಳೂರು ಬೊಮ್ಮನ ಪಾಲಾಯ್ತು. ಅವನೇ ದಾರ ಎಳೆದು ಮುದ್ರೆ ಒತ್ತದೆ ಪೇಟೆಯೊಳಗೆ ಒಂದು ಗಂಟೂ ಕಸ್ತೂರಿ ಮಾರೋಹಂಗಿಲ್ಲ. ಏಳೂರಿನ ಒಡೆಯನಾದ್ರೂ ಏನು, ಸಾಯೋತನಕ ಅವನ ಕೈ ಬೆಳ್ಳುಳ್ಳಿ ನಾತ ಹೊಡೀತಿತ್ತು.