ದೇವರ ಮಡುವಿನ ಕಲ್ಲುಬೇಲಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ ಗಿರಿಯಪ್ಪನವರು. ಹೊಳೆಯಲ್ಲಿ ಸ್ನಾನ ಮುಗಿಸಿ, ಹರಿಯುವ ನೀರನ್ನೇ ನೋಡುತ್ತ ಹೇಳಿದ್ದರು.

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಅಷ್ಟು ಜೋಪಾನ ಮಾಡಿದ್ದೂ ಯಾಕೆ ಕ್ಷೀಣಿಸುತ್ತದೆ?"

ಗುರು ಹೇಳಿದರು:

ಒಬ್ಬ ವರ್ತಕನಿದ್ದ. ಅವನ ಎಳೆಯ ಮಗಳಿಗೆ ಜ್ವರ ಬಂತು. ಗುಡಿಯ ಕೆಳಗಿನ ಮಡುವಿನಲ್ಲಿ ದೇವರ ಮೀನುಗಳಿದ್ದವು. "ಮಗಳು ಉಳಿದರೆ ಈ ಮಡು ಒಂದು ದಿನವೂ ಮೀನಿಲ್ಲದೆ ಬರಿದಾಗಲು ಬಿಡೆನು" ಎಂದು ಹರಕೆ ಹೊತ್ತ. ಮಗಳು ಉಳಿದಳು.

ಮಳೆಗಾಲ ಬಂದರೆ ಮೀನುಗಳು ಹೊಳೆಯ ಮೇಲಕ್ಕೆ ಹೋಗುತ್ತಿದ್ದವು. ಮೇಲೆ ಬಲೆಗಾರರ ಕೇರಿ. ವರ್ತಕ ಹೆದರಿ ಮಡುವಿನ ಎರಡೂ ಕಡೆ ಕಲ್ಲುಬೇಲಿ ಕಟ್ಟಿಸಿದ. ದಿನವೂ ಮಂಡಕ್ಕಿ ಚೆಲ್ಲಿದ. ಅವನ ನೆರಳು ಕಂಡರೆ ಮೀನುಗಳು ಮೆಟ್ಟಿಲಿಗೆ ಬರುತ್ತಿದ್ದವು. ನೋಡುತ್ತ ನೋಡುತ್ತ ಹನ್ನೆರಡು ವರ್ಷ ಕಳೆದವು.

ಒಂದು ಬೇಸಿಗೆ ಬಲೆಗಾರರ ಮುದುಕಿಯೊಬ್ಬಳು ಗುಡಿಗೆ ಬಂದಳು. ಮಡುವನ್ನು ನೋಡಿ ನಕ್ಕಳು.

"ಸಾಹುಕಾರ್ರೇ, ಇಲ್ಲಿ ಬರೀ ನನ್ನ ವಾರಗೆಯವರೇ ಇದ್ದಾರಲ್ಲ! ತೊಟ್ಟಿಲ ಕೂಸು ಒಂದೂ ಇಲ್ಲವೇ?"

"ಮೇಲೆ ಬಿಟ್ಟರೆ ನಿಮ್ಮ ಬಲೆಗೆ ಬಿದ್ದಾವು, ಅಜ್ಜಿ."

"ಬಸಿರಿಯರ ಮೇಲೆ ಬಲೆ ಹಾಕುತ್ತೇವೆಯೇ? ಮೊದಲ ನೆರೆಗೆ ಅವು ಮೇಲಿನ ತೊರೆಗೆ ಹತ್ತುತ್ತವೆ, ಹೆರಿಗೆಗೆ. ಆಗ ನಮ್ಮ ಬಲೆ ಅಟ್ಟದ ಮೇಲಿರುತ್ತದೆ. ತವರಿನ ದಾರಿಗೆ ಬೇಲಿ ಹಾಕಿದವರು ನೀವು."

ವರ್ತಕ ಮಂಡಕ್ಕಿಯ ಬುಟ್ಟಿ ಕೆಳಗಿಟ್ಟ. ಇಡೀ ದಿನ ನೀರಿನೊಳಗೆ ಇಣುಕಿದ. ಬೆರಳುದ್ದದ ಒಂದು ಮೀನೂ ಕಾಣಲಿಲ್ಲ. ಬೇಲಿ ತೆಗೆದರೆ ಮಡು ಬರಿದಾಗುತ್ತದೆ. ಹರಕೆ ಮುರಿದರೆ ಮಗಳ ಗತಿಯೇನು? ತೆಗೆಯದಿದ್ದರೆ ಈ ಮುದಿ ಮೀನುಗಳೇ ಕೊನೆ.

ಮೊದಲ ಮಳೆಯ ದಿನ ಅವನು ಮಗಳ ತಲೆ ನೇವರಿಸಿ ಹೊಳೆಗಿಳಿದ. ತಾನೇ ಒಂದೊಂದು ಕಲ್ಲನ್ನೂ ಕಿತ್ತ. ಮೀನುಗಳು ಕೆಂಪು ನೀರಿನಲ್ಲಿ ಕನಸು ಕರಗಿದಂತೆ ಹೊರಟುಹೋದವು.

ನಾಲ್ಕು ತಿಂಗಳು ಅವನು ಬರಿಯ ನೀರಿಗೆ ಮಂಡಕ್ಕಿ ಚೆಲ್ಲುತ್ತ ಕೂತ. ಸಾಹುಕಾರ್ರು ಈಗ ಹೊಳೆಗೇ ಊಟ ಹಾಕುತ್ತಾರೆ ಎಂದು ಊರವರು ಆಡಿಕೊಂಡರು. ಮಗಳು ಸೀನಿದರೂ ಅವನ ಎದೆ ಹಾರುತ್ತಿತ್ತು.

ಮಳೆ ತಗ್ಗಿತು. ನೀರು ತಿಳಿಯಾಯಿತು. ಒಂದು ಬೆಳಿಗ್ಗೆ ಮಗಳು ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟಳು.

"ಅಪ್ಪಾ, ನೀರು ಕಚಗುಳಿ ಇಡುತ್ತಿದೆ" ಎಂದಳು.

ಅವಳ ಕಾಲ್ಬೆರಳ ಸುತ್ತ ಭತ್ತದ ಕಾಳಿನಷ್ಟು ಮರಿಗಳು ಆಡುತ್ತಿದ್ದವು.

ಗುರು ಕತೆ ಮುಗಿಸಿದರು. ಶಿಷ್ಯ ಯೋಚಿಸಿ ಹೇಳಿದ: "ಹಾಗಾದರೆ ಹನ್ನೆರಡು ವರ್ಷ ನಡೆದ ಹರಕೆ, ನಾಲ್ಕು ತಿಂಗಳು ಮಾತ್ರ ತಪ್ಪಿತು, ಅಲ್ಲವೇ?"

"ಆ ನಾಲ್ಕು ತಿಂಗಳೇ, ಮಗು, ಹರಕೆ ನಡೆದದ್ದು."



ಮಾವನವರು ನನಗೆ ಹೇಳಿದಂತೆ, ಹೊಳೆಯ ದಡದಲ್ಲಿ ಕೂತಾಗ ನೀವೂ ಇದನ್ನು ಪಕ್ಕದವರಿಗೆ ಹೇಳಿರಿ.