ಹೊಟ್ಟ್ಯಾಗ ಜ್ವಾಳ ಇದ್ದ ಕೌದಿ

ಹೂಂ ಅನ್ನಾಕ ಒಬ್ಬರರ ಎಚ್ಚರ ಇರ್ರಿ, ಇಲ್ಲಾಂದ್ರ ನನಗ ಕತಿ ಬಾಯಿಗೆ ಬರೂದಿಲ್ಲ.

ಮಲಪ್ರಭಾ ಹೊಳಿ ದಂಡ್ಯಾಗ ಒಂದೂರು. ಆ ಊರಾಗ ಕಾಶವ್ವ ಅಂತ ಒಬ್ಬಾಕಿ. ಹಳೇ ಸೀರಿ ತುಂಡು ಕೂಡಿಸಿ ಕೌದಿ ಹೊಲಿಯಾಕಿ. ಎಂಥಾ ಕೌದಿ ಅಂತೀರಿ! ಅಬಾಬಾ! ಹಾಸಿದ್ರ ಹಾಸಿದಲ್ಲೇ ಕಣ್ಣು ಕೂಡ್ತಿದ್ವು. ಆಕೀದೊಂದು ಪದ್ಧತಿ ಇತ್ತು, ತನ್ನವ್ವನಿಂದ ಕಲತದ್ದು. ಕಡೀ ಮೂಲಿ ಹೊಲಿಯೂ ಮುಂದ ಒಳಗ ಅರ್ಧ ಹಿಡಿ ಜ್ವಾಳ ಹಾಕಿ ಹೊಲೀತಿದ್ಲು. "ಕೌದಿ ಹೊಟ್ಟಿ ಖಾಲಿ ಇರಬಾರದು. ಅದು ಹಸದಿದ್ರ ಹೊತ್ಕೊಂಡವ್ರಿಗೆ ನಿದ್ದಿ ಹೆಂಗ ಬರ್ತೈತಿ?" ಅಂತಿದ್ಲು.

ಆಕಿಗೆ ಒಬ್ಬನೇ ಮಗ, ಮುದಕಪ್ಪ. ಆಳು ನೋಡಿದ್ರ ಬಾಗಲ ತುಂಬ. ತಲಿ ಮಾತ್ರ ಹೇಳಿದಷ್ಟ. ಆದರ ಅವ್ವನ ಮಾತಂದ್ರ ಅವನಿಗೆ ಭಾಳ ಬೆರಗು. ಅವ್ವ ಹೇಳಿದ್ದು ಎಲ್ಲಿ ಹೋದ್ರೂ ನಡೀತೈತಿ ಅಂತ ನಂಬಿದ್ದ. ಓದಾಕ ಬರ್ತಿತ್ತು, ಹಂಗಾಗಿ ಕೌದಿ ಫೋಟೋ ಫೋನಿನಾಗ ಹಾಕಿ ಮಾರೂ ಕೆಲಸ ಅವಂದು. ಎಲ್ಲೆಲ್ಲಿಂದೋ ಮಂದಿ ಕೇಳಿದಾಗ ಅಂವ ಫೋನಿಗೆ ಕೈ ಮುಗೀತಿದ್ದ.

ಒಂದಿನ ಒಬ್ಬಾಕಿ ಮೆಸೇಜ್ ಕಳಿಸಿದ್ಲು. "ನಿಮ್ಮ ಕೌದಿ ಕೆಟ್ಟೈತಿ, ವಾಪಸ್ ತಗೋರಿ!" ಮುದಕಪ್ಪ, "ಆತ್ರಿ ಯವ್ವಾ!" ಅಂದ. ರೊಕ್ಕ ಕಳಿಸಿದ. ಕೌದಿ ಬಂತು. ಬಿಚ್ಚಿದ್ರ ಏನದರಾಗ? ಅರಿಷಿಣದ ಕಲಿ, ಶಾವಿಗಿ ಪಾಯಸದ ಕಲಿ, ಕೂಸಿನ ಕಾಲ್ಗೆಜ್ಜಿ ಒಂದು! ಮನೀ ಕಾರ್ಯ ಎಲ್ಲಾ ಅದರ ಮ್ಯಾಲ ಮುಗಿಸಿ ವಾಪಸ್ ಹೊಡದಿದ್ಲು.

ಕಾಶವ್ವ ಹಣಿ ಬಡಕೊಂಡ್ಲು. "ಎಂಥಾ ಮಗನ್ನ ಹಡದೆನೋ ಶಿವನೇ! ಕೇಳಿದವ್ರಿಗೆಲ್ಲಾ ಹೂಂ ಅಂತಾರೇನೋ?"

"ಹಂಗಾರ ಏನನ್ನಬೇಕಿತ್ತು ಯವ್ವಾ?"

"ಎಲ್ಲಿ, ತೋರಸ್ರಿ! ಕಣ್ಣಿಲೆ ನೋಡೂತನಕ ನಂಬೂದಿಲ್ಲ! ಅನ್ನಬೇಕಿತ್ತು."

"ಹೂಂ," ಅಂದ ಮುದಕಪ್ಪ. ಅಂವ ಹೂಂ ಅಂದನಂದ್ರ ಮುಗೀತು.

ಮರುದಿನ ಯಾರೋ ಪುಣ್ಯಾತ್ಮ ಬರದ. "ನಮ್ಮ ತಾಯಿಗೆ ನಿದ್ದೀನ ಇರಲಿಲ್ರಿ. ನಿಮ್ಮ ಕೌದಿ ಹೊತ್ಕೊಂಡು ಕೂಸಿನಂಗ ಮಲಗ್ಯಾರ. ನಿಮಗ ಪುಣ್ಯ ಬರಲಿ."

ಮುದಕಪ್ಪ ಬರದ: "ಎಲ್ಲಿ, ತೋರಸ್ರಿ! ಕಣ್ಣಿಲೆ ನೋಡೂತನಕ ನಂಬೂದಿಲ್ಲ!"

ಪಾಪ, ಆ ಮನಶಾ ಮಲಗಿದ ತಾಯಿ ಫೋಟೋ ತಗದು ಕಳಿಸಿದ. ಬಾಯಿ ತಗದು ಮಲಗಿದ್ಲು ಮುದುಕಿ. "ಗೊರಕಿ ಕೇಳವಲ್ದು!" ಅಂದ ನಮ್ಮಂವ. ಆ ಮನಶಾ ಗೊರಕೀನೂ ಕಳಿಸಿದ! ಮುದಕಪ್ಪ ಫೋನು ಕಿವಿಗೆ ಹಚಗೊಂಡು, "ಅಬಾಬಾ! ನಿದ್ದಿ ಅಂದ್ರ ಇದು!" ಅಂತ ಬೆರಗಾಗಿ ಕುಂತ.

"ಎಂಥಾ ಮಗನ್ನ ಹಡದೆನೋ ಶಿವನೇ!" ಅಂದ್ಲು ಕಾಶವ್ವ. "ಹೊಗಳಿದವ್ರ ತಾಯಿ ಬಾಯಿ ನೋಡ್ತಾರೇನೋ?"

"ಹಂಗಾರ ಏನನ್ನಬೇಕಿತ್ತು ಯವ್ವಾ?"

"ದೇವರು ಒಳ್ಳೇದು ಮಾಡ್ಲಿ, ಇನ್ನೊಂದು ಕಳಸ್ಲೇನ್ರಿ? ಅನ್ನಬೇಕಿತ್ತು."

"ಹೂಂ."

ಆಮ್ಯಾಲೆ ಒಬ್ಬಂವ ಬರದ. "ಕೌದಿ ಇಲಿ ಕಡದೈತಿ! ರೊಕ್ಕ ವಾಪಸ್ ಕೊಡು. ಕೌದಿ ಕಳಸೂದಿಲ್ಲ, ಒಗದುಬಿಟ್ಟೆ." ಇಲೀನೂ ಸುಳ್ಳು, ಒಗದದ್ದೂ ಸುಳ್ಳು. ಅದನ್ನ ಹೊತ್ಕೊಂಡ ಕುಂತು ಬರದಿದ್ದ ಕಳ್ಳ!

ಮುದಕಪ್ಪ ಏನಂದ? "ದೇವರು ಒಳ್ಳೇದು ಮಾಡ್ಲಿ, ಇನ್ನೊಂದು ಕಳಸ್ಲೇನ್ರಿ?"

ಅಂವ ಬ್ಯಾಡ ಅಂತಾನೇನು? ರೊಕ್ಕಾನೂ ಹೋತು, ಇನ್ನೊಂದು ಕೌದೀನೂ ಹೋತು.

ಕಾಶವ್ವಗ ಹಣಿ ಬಡಕೊಳ್ಳಾಕೂ ತ್ರಾಣ ಇರಲಿಲ್ಲ. "ತಮ್ಮಾ, ವಾಪಸ್ ಅಂದವ್ರ ಕೂಡ ಮಾತಽ ಆಡಬ್ಯಾಡ. ಕೌದಿ ಕೈಗೆ ಬಂದ ಮ್ಯಾಲ ಮಾತು. ಬಂದ ಕೂಡಲೇ ಮೂಲಿ ಬಿಚ್ಚಿ ನೋಡು. ಹೊಟ್ಟ್ಯಾಗ ಜ್ವಾಳ ಇದ್ರ ನಮ್ಮದು. ಇರದಿದ್ರ ನಮ್ಮದಲ್ಲ, ಯಾರದೋ ಅವರಿಗೇ ಮುಟ್ಟಸು. ತಿಳೀತಾ?"

"ಹೂಂ," ಅಂದ. "ಇನ್ನ ಏನ್ ಮಾಡ್ಲಿ ಯವ್ವಾ?"

"ಏನ್ ಮಾಡ್ತೀಪಾ! ಮನ್ಯಾಗ ಇರೂ ಕೌದಿ ಎಲ್ಲಾ ಫೋಟೋ ತಗದು ಹಾಕು, ಮಾರಿಹೋಗ್ಲಿ," ಅಂದು ಕಾಶವ್ವ ಹೊಳಿಗೆ ಅರಬಿ ಒಗ್ಯಾಕ ಹೋದ್ಲು.

ಎಲ್ಲಾ ಅಂದ್ರ ಎಲ್ಲಾ! ಅವ್ವ ಮಲಗೂ ಹೊರಸಿನ ಮ್ಯಾಲಿನ ಕೌದೀನೂ ಫೋಟೋ ತಗದ. ಫೋನಿನಾಗ ಹಾಕಿದ ಕೂಡಲೇ ಹುಬ್ಬಳ್ಳಿಯ ಸುಲೋಚನಾಬಾಯಿ ಅನ್ನಾಕಿ ಅದನ್ನಽ ಬೇಕಂದ್ಲು. ಮಡಚಿದ, ಕಟ್ಟಿದ, ಕಳಿಸಿಬಿಟ್ಟ.

ಕಾಶವ್ವ ಹೊಳಿಯಿಂದ ಬಂದು ನೋಡಿದ್ರ ಹೊರಸು ಬತ್ತಲ.

ಆಕಿ ಬೈಯಲಿಲ್ಲ. ಅದ ನೋಡ್ರಿ, ಮುದಕಪ್ಪಗ ಹೆದರಿಕಿ ಬಂದದ್ದು. ಸುಮ್ನ ಹೊರಸಿನ ಮ್ಯಾಲ ಕುಂತು ಹಗ್ಗಾ ಸವರಿದ್ಲು. "ಅದು ನಮ್ಮವ್ವ ಹೊಲದದ್ದಪಾ. ಆಕಿ ಸೀರಿ ತುಂಡು. ಕಣ್ಣು ಮಂಜಾದ ಮ್ಯಾಲೂ ಬೆರಳಿಲೆ ತಡವಿ ತಡವಿ ಹೊಲದ್ಲು. ಅದನ್ನ ಹೊತ್ಕೊಂಡ್ರ ನಮ್ಮವ್ವ ಮೈಮ್ಯಾಲ ಕೈ ಇಟ್ಟಂಗ ಆಕ್ಕಿತ್ತು."

ಅವತ್ತಿನಿಂದ ಕಾಶವ್ವಗ ನಿದ್ದಿ ಇಲ್ಲ. ಊರಿಗೆಲ್ಲಾ ನಿದ್ದಿ ಹೊಲದು ಕೊಟ್ಟಾಕಿಗೆ ನಿದ್ದಿ ಇಲ್ಲ!

ಅಷ್ಟರಾಗ ಸುಲೋಚನಾಬಾಯಿ ಮೆಸೇಜ್ ಬಂತು. "ಫೋಟೋದಾಗ ಇದ್ದಂಗ ಇಲ್ಲ. ವಾಪಸ್ ತಗೋರಿ."

ಜಲ್ಮದಾಗ ಮೊದಲನೇ ಸಲ ವಾಪಸ್ ಅನ್ನೂ ಮಾತಿಗೆ ಕಾಶವ್ವ ಕುಣದಾಡಿದ್ಲು! "ಹೂಂ ಅನ್ನೋ! ನನ್ನಪ್ಪ, ಲಗೂನ ಹೂಂ ಅನ್ನು!" ಪಾರ್ಸೆಲ್ ಬರೂತನಕ ದಾರಿ ಕಾದ್ಲು. ಬಂತು. ಬಿಚ್ಚಿದ್ಲು. ಒಳಗ ಯಾವದೋ ಮಿಷನ್ ಹೊಲಿಗಿ ಚಾದರ, ತೆಳ್ಳಂದು, ಹಪ್ಪಳದಂಥಾದ್ದು! ಕೌದಿ ಇಟಗೊಂಡು ಚಾದರ ಕಳಿಸಿದ್ಲು, ರೊಕ್ಕಾ ಬ್ಯಾರೆ ಕೇಳ್ಯಾಳ.

ಮುದಕಪ್ಪ ಮೂಲಿ ಬಿಚ್ಚಿ ನೋಡಿದ. "ಯವ್ವಾ, ಜ್ವಾಳ ಇಲ್ಲ! ನಮ್ಮದಲ್ಲ! ಅವರಿಗೇ ಮುಟ್ಟಸಿ ಬರ್ತೀನಿ!"

ಕಾಶವ್ವ ಬಾಗಲದಾಗ ಕುಂತವಳು ಕಣ್ಣು ಒರಸಿಕೊಂಡ್ಲು. ಸುಲೋಚನಾಬಾಯಿ ಕೊಟ್ಟಿದ್ದ ರೊಕ್ಕಾನೂ ಗಂಟು ಕಟ್ಟಿ ಮಗನ ಕೈಯಾಗ ಇಟ್ಲು. "ಹೋಗಿ ಬಾ. ಆದರ ನೆಪ್ಪಿರಲಿ, ಕೌದಿ ಕೈಗೆ ಬಂದ ಮ್ಯಾಲ ಮಾತು!"

ಹುಬ್ಬಳ್ಳ್ಯಾಗ ಆಕಿ ಮನಿ ಎತ್ತರದ ಕಟ್ಟಡದಾಗ. ಮುದಕಪ್ಪ ಲಿಫ್ಟಿನಾಗ ನಿಂತ, ಅದು ಮ್ಯಾಲೆ ಏರಿತು. ಶಿವಾ ಶಿವಾ! ಹೊಟ್ಟಿ ಕೆಳಗ ಉಳದು ಮೈ ಅಷ್ಟಽ ಮ್ಯಾಲ ಹೋದಂಗ ಆತು. ಆದರೂ ಬಾಯಿ ತಗೀಲಿಲ್ಲ.

ಸುಲೋಚನಾಬಾಯಿ ಬಾಗಲಾ ತಗದ್ಲು. ಅಂವ ಚಾದರ ಆಕಿ ಮುಂದ ಇಟ್ಟ, ರೊಕ್ಕದ ಗಂಟು ಅದರ ಮ್ಯಾಲ ಇಟ್ಟ, ಹೊಸ್ತಿಲದ ಹೊರಗ ಕುಂತುಬಿಟ್ಟ.

"ಯಾರು ನೀನು?" ಮಾತಿಲ್ಲ. "ಏನು ಬೇಕು?" ಮಾತಿಲ್ಲ. "ನೀವು ಕಳಿಸಿದ್ದು ಇದ ಚಾದರ! ದೇವರಾಣಿ!" ಮಾತಿಲ್ಲ. ಆಕಿ ಮಾರಿ ನೋಡಿಕೋತ ಕಣ್ಣು ಪಿಳಿಪಿಳಿ ಮಾಡಿಕೋತ ಕುಂತಾನ ಅಷ್ಟ.

ಆಜೂಬಾಜೂ ಮನಿಯವ್ರು ಬಂದ್ರು. "ಯಾರೋ ಮೌನದ ಸ್ವಾಮಿಗಳು ಬಂದಾರ!" ಅಂದ್ರು. ಒಬ್ಬಾಕಿ ಬಾಳಿಹಣ್ಣು ಇಟ್ಲು. ಒಬ್ಬಾಕಿ ಊದಿನಕಡ್ಡಿ ಹಚ್ಚಿದ್ಲು. ಒಬ್ಬ ಮುದುಕ ಕಾಲಿಗೆ ಬಿದ್ದು, "ಎಷ್ಟು ಶಾಂತ ಮುಖರೀ! ರೊಕ್ಕದ ಗಂಟು ಮುಂದಿಟ್ಟು ಮುಟ್ಟವಲ್ರು ನೋಡ್ರಿ! ಬಾಯಾರ, ನಿಮ್ಮ ಮನ್ಯಾಗ ಏನೋ ಅವರಿಗೆ ಬೇಕಾದ್ದು ಐತಿ," ಅಂದ.

ಇಂವಗ ಎಲ್ಲಾ ಗೊತ್ತೈತಿ ಅಂತ ಸುಲೋಚನಾಬಾಯಿ ತಿಳಕೊಂಡ್ಲು. ಒಳಗ ಓಡಿ ಕೌದಿ ತಂದು ಅವನ ತೊಡಿಮ್ಯಾಲ ಇಟ್ಟು, "ತಪ್ಪಾತ್ರಿ ಅಪ್ಪಾರ!" ಅಂತ ಅತ್ಲು.

ಕೌದಿ ಕೈಗೆ ಬಂತು. ಮುದಕಪ್ಪ ಹಲ್ಲಿಲೆ ಮೂಲಿ ಬಿಚ್ಚಿದ. ಜಳಜಳ ಅಂತ ಜ್ವಾಳ ಉದುರಿತು ನೋಡ್ರಿ, ಎಲ್ಲಾರೂ "ಹಾ!" ಅಂದ್ರು.

"ಹೊಟ್ಟಿ ಖಾಲಿ ಇರಬಾರದಂತ ನಮ್ಮಜ್ಜಿ ಹಾಕಿದ್ದು," ಅಂದ ಮುದಕಪ್ಪ. ಕಾಳು ಒಂದೊಂದ ಆರಿಸಿ ಕಣ್ಣಿಗೆ ಒತ್ತಿಕೊಂಡ್ರು ಮಂದಿ, ಪ್ರಸಾದ ಅಂತ ಸೆರಗಿನಾಗ ಕಟಗೊಂಡ್ರು. ಮುದಕಪ್ಪ ಮನಸಿನಾಗ, "ಅಬಾಬಾ! ನಮ್ಮವ್ವನ ಮಾತು ಅಂದ್ರ ಮಾತು!" ಅಂದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದ.

ಬಸ್ಸು ತಡ ಇತ್ತು. ಇನ್ನೊಮ್ಮೆ ನೋಡೂಣಂತ ಮೂಲ್ಯಾಗ ಬೆರಳು ಹಾಕಿದ. ಖಾಲಿ! ಒಂದು ಕಾಳೂ ಇಲ್ಲ!

"ಅಯ್ಯಯ್ಯ! ಇದು ನಮ್ಮದಲ್ಲ!"

ಹೊಳ್ಳಿ ಹೋದ. ಸುಲೋಚನಾಬಾಯಿ ಕೈಯಾಗ ಕೌದಿ ಇಟ್ಟ. "ತಗೋರಿ, ನಿಮ್ಮದು ನಿಮಗ ಮುಟ್ಟಲಿ," ಅಂದು ಬಂದುಬಿಟ್ಟ.

ಖಾಲಿ ಕೈಲೆ ಬಂದ ಮಗನ್ನ ನೋಡಿ ಕಾಶವ್ವ ಹೇಳಿದ್ದನ್ನ ನಾ ಹೇಳೂದಿಲ್ಲ. ಕೂಸುಗಳು ಕುಂತಾವು.

ಆದರ ಅತ್ತ ಸುಲೋಚನಾಬಾಯಿ ಕತಿ ಏನಾತು? ಆ ಕೌದಿ ಹೊತ್ಕೊಂಡ್ರ ಉರಿ, ತಗದ್ರ ಚಳಿ. "ಕದ್ದಾಕಿಗೆ ಕದ್ದದ್ದನ್ನಽ ದಾನ ಕೊಟ್ಟು ಹೋದನಲ್ಲ, ಎಂಥಾ ಮನಶಾ!" ಅಂತ ಒಂದ ಸವನ ಅತ್ಲು. ಬೆಳಗಾದ ಮ್ಯಾಲ ಎದ್ದು, ತನ್ನ ಕೈಯಾರೆ ಕೌದಿ ಹೊಟ್ಟಿ ತುಂಬಿ, ಸೊಟ್ಟಸೊಟ್ಟ ಹೊಲದು, ಬಸ್ಸು ಹತ್ತಿ ಕಾಶವ್ವನ ಬಾಗಲಿಗೆ ಬಂದ್ಲು. "ಯವ್ವಾ, ತಗೋ ನಿನ್ನ ಕೌದಿ. ನಿನ್ನ ಮಗ ಮಗ ಅಲ್ಲ, ದೇವರು!"

ಕಾಶವ್ವ ಕೌದಿ ಮಾರಿಗೆ ಒತ್ತಿಕೊಂಡ್ಲು. ಅವ್ವನ ವಾಸನಿ ಹಂಗಽ ಇತ್ತು. ಮಗನ್ನ ನೋಡಿದ್ಲು. "ಎಂಥಾ ಮಗನ್ನ ಹಡದೆನೋ ಶಿವನೇ!" ಅಂತ ಈ ಸಲ ಬೆರಗಿಲೆ ಅಂದ್ಲು. ಕೌದಿ ಹೊರಸಿನ ಮ್ಯಾಲ ಹಾಸಿ, ಬಂದಾಕಿನ್ನ ಕರಕೊಂಡು ಚಾ ಮಾಡಾಕ ಒಳಗ ಹೋದ್ಲು.

ಚಾ ಕುದಿಯೂದ್ರಾಗ ಮುದಕಪ್ಪ ಮೂಲಿ ಬಿಚ್ಚಿದ್ದ. ರೊಟ್ಟಿ ಕೊಂಡು ತಿನ್ನೂ ಹುಬ್ಬಳ್ಳಿ ಬಾಯಿ ಮನ್ಯಾಗ ಜ್ವಾಳ ಎಲ್ಲಿಂದ ಬರಬೇಕು!

"ಯವ್ವಾ, ಇದರಾಗ ಅಕ್ಕಿ ಐತಿ! ನಮ್ಮದಲ್ಲ!" ಅಂತ ಹೊರಗಿಂದ ಕೂಗಿದ. "ಮುಟ್ಟಸಿ ಬರ್ತೀನಿ!"

ಕಾಶವ್ವ ಚಾ ಸೋಸೂ ಸಾಣಗಿ ಕೈಯಾಗ ಹಿಡಕೊಂಡ ಓಡಿ ಬಂದ್ಲು. ಹೊರಸು ಬತ್ತಲ. ಕೌದಿ ಹೆಗಲ ಮ್ಯಾಲ ಹಾಕ್ಕೊಂಡು ಮಗ ಹುಬ್ಬಳ್ಳಿ ಬಸ್ಸಿನ ಮೆಟ್ಟಲ ಹತ್ತಾಕತ್ತಿದ್ದ.

"ನಿಂದರೋ!" ಅಂತ ದಾರಿಗುಂಟ ಓಡಿದ್ಲು ಕಾಶವ್ವ. "ಅಕ್ಕೀನೂ ನಮ್ಮದೋ, ನನ್ನಪ್ಪ! ಅಕ್ಕೀನೂ ನಮ್ಮದ!"